‘ಇನ್ನೂ ಇಲ್ಲ’ ಡಾಕ್ಟರು

ನಮ್ಮ ಡಾಕ್ಟರು ಬಿಸಿ ಕಾಫಿಯ ಲೋಟವನ್ನು ಕುಡಿಯುವುದಕ್ಕೆಂದು ಹಿಡಿಯುತ್ತಿರಲಿಲ್ಲ. ಎರಡೂ ಅಂಗೈಗಳ ನಡುವೆ ಅದನ್ನು ಇಟ್ಟುಕೊಂಡು ಕೂರುತ್ತಿದ್ದರು. ಮೊದಲು ಕೈ ಬೆಚ್ಚಗಾಗಬೇಕು, ಆಮೇಲೆ ರೋಗಿಯ ಹೊಟ್ಟೆ ಮುಟ್ಟಬೇಕು, ಅದೆಲ್ಲ ಮುಗಿದ ಮೇಲೆ ಆರಿ ತಣ್ಣಗಾದ ಕಾಫಿಯನ್ನು ಕಷಾಯ ಕುಡಿದ ಹಾಗೆ ಒಂದೇ ಸಲಕ್ಕೆ ಗಂಟಲಿಗೆ ಸುರಿದುಕೊಳ್ಳಬೇಕು. "ತಣ್ಣನೆ ಕೈ ಮುಟ್ಟಿದ್ರೆ ಹೊಟ್ಟೆ ಬಿಗಿ ಹಿಡ್ಕಂತೈತೆ ಸಿಸ್ಟರ್. ಬಿಗಿ ಹಿಡ್ಕಂಡ ಹೊಟ್ಟೆ ಸುಳ್ಳು ಹೇಳ್ತೈತೆ" ಎನ್ನುತ್ತಿದ್ದರು. ಹತ್ತು ವರ್ಷ ಅವರ ಜತೆ ಕೆಲಸ ಮಾಡಿದೆ. ಅವರು ಕಾಫಿಯನ್ನು ಬಿಸಿಯಾಗಿ ಕುಡಿದದ್ದನ್ನು ನೋಡಿದ್ದು ಒಂದೇ ಒಂದು ಸಲ. ಆ ಮಾತು ಕೊನೆಗೆ ಹೇಳುತ್ತೇನೆ.

ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಹಿಡಿಸುತ್ತಿರಲಿಲ್ಲ. ಆಸ್ಪತ್ರೆಯ ಬೋರ್ಡಿನ ಮೇಲೆ ಅವರ ಹೆಸರು ಬರೆಯಲು ಬಂದ ಪೇಂಟರನ್ನು ಹಿಂಬದಿಯ ಕಿಟಕಿಗಳಿಗೆ ಬಣ್ಣ ಹೊಡೆಯಲು ಕಳಿಸಿದ ಮನುಷ್ಯ ಅವರು. ಕುಳ್ಳನೆಯ ಆಳು, ಸಣಕಲು ಮೈ, ಆ ಮೈಗೆ ಸಲ್ಲದಷ್ಟು ದೊಡ್ಡ ಅಂಗೈ. ಯಾವಾಗಲೂ ಸಡಿಲ ಜುಬ್ಬ. ನಕ್ಕರೆ ಎಡಗೈಯನ್ನು ಹೊಟ್ಟೆಯ ಮೇಲೆ ಒತ್ತಿ ಹಿಡಿದುಕೊಂಡು ನಗುತ್ತಿದ್ದರು. ನಗುವಾಗಲೂ ಲೆಕ್ಕ ಹಾಕಿ ನಗುತ್ತಾರಲ್ಲ ಎಂದು ನಾವು ನರ್ಸುಗಳು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ಆ ಕೈ ಅಲ್ಲಿಗೆ ಯಾಕೆ ಹೋಗುತ್ತಿತ್ತು ಎಂದು ತಿಳಿದ ದಿನದಿಂದ ನನಗೆ ಆ ಮಾತು ನೆನೆದರೆ ನಾಚಿಕೆಯಾಗುತ್ತದೆ.

ನಾನು ಹೊಸದುರ್ಗ ತಾಲ್ಲೂಕಿನ ಬಾಗೂರಿನವಳು. ನರ್ಸಿಂಗ್ ಮುಗಿಸಿ, ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ಚಿತ್ರದುರ್ಗದ ಒಂದು ಧರ್ಮಾಸ್ಪತ್ರೆಗೆ ಸೇರಿದೆ. ಹೊಳಲ್ಕೆರೆ ಕಡೆಯ ನಮ್ಮ ಡಾಕ್ಟರು ಅಲ್ಲಿಗೆ ನನಗಿಂತ ಮೊದಲೇ ಬಂದಿದ್ದರು. ಅರಿವಳಿಕೆ ಕೊಡುವ ಡಾಕ್ಟರು ನಮ್ಮಂಥ ಆಸ್ಪತ್ರೆಗೆ ಸಿಗುವ ಕಾಲವಲ್ಲ ಅದು. "ನಿನ್ ಕೈ ನಿಧಾನ ಐತೆ, ಬಾಯಿ ಮಾತ್ರ ಜೋರು. ಬಾಯಿ ನಾನು ಸಹಿಸ್ಕಂತೀನಿ" ಎಂದು ಹೇಳಿ ನನ್ನನ್ನೇ ಬೆಂಗಳೂರಿಗೆ ಕಳಿಸಿ ಆ ಕೆಲಸ ಕಲಿಸಿದರು. ಹಾಗಾಗಿ ಆಪರೇಷನ್ ನಡೆಯುವಾಗ ರೋಗಿಯ ತಲೆಯ ಹತ್ತಿರ ಕುಳಿತು, ಕರಿ ರಬ್ಬರಿನ ಚೀಲವೊಂದನ್ನು ಅದುಮಿ ಅದುಮಿ ಉಸಿರಾಡಿಸುವುದು ನನ್ನ ಪಾಲಿಗೆ ಬಂತು. ಮಲಗಿದವರ ಎದೆ ಏಳುವುದು, ಇಳಿಯುವುದು ಆ ಚೀಲದ ಮೂಲಕ ನನ್ನ ಬೆರಳಿಗೆ ಗೊತ್ತಾಗುತ್ತಿತ್ತು. ನನಗೆ ಅದರ ಜಂಬವೂ ಇತ್ತು.

ನಮ್ಮಲ್ಲಿಗೆ ಹೆಚ್ಚಾಗಿ ಬರುತ್ತಿದ್ದವರು ಬೇರೆ ಕಡೆ ಒಂದೆರಡು ಸಲ ಹೊಟ್ಟೆ ಕೊಯ್ಸಿಕೊಂಡವರು. ಕೊಯ್ದು ಹೊಲಿದ ಜಾಗ ಒಳಗೊಳಗೇ ಬಿಟ್ಟುಕೊಂಡು, ಕರುಳು ಚರ್ಮದಡಿಗೆ ನುಗ್ಗಿ ಹೊರಗೆ ಜೋಲುತ್ತಿರುತ್ತಿತ್ತು. ಹರ್ನಿಯಾ ಅನ್ನುವುದು ಆಸ್ಪತ್ರೆಯ ಮಾತು. ಜನ ‘ಕರುಳು ಹೊರಕ್ಕೆ ಬಂದೈತೆ’ ಅನ್ನುತ್ತಿದ್ದರು. ಕೆಲವರದು ಅಂಗೈಯಗಲ, ಕೆಲವರದು ಮಡಿಲಲ್ಲಿ ಮಗು ಕೂರಿಸಿಕೊಂಡಷ್ಟು. ಸೀರೆಯಲ್ಲೋ ಪಂಚೆಯಲ್ಲೋ ಅದನ್ನು ಎತ್ತಿ ಕಟ್ಟಿಕೊಂಡು, ಮುಖ ಕೆಳಗೆ ಹಾಕಿ ಬರುತ್ತಿದ್ದರು. ಇಂಥ ಹೊಟ್ಟೆಗಳನ್ನು ಸರಿಮಾಡುವುದರಲ್ಲಿ ನಮ್ಮ ಡಾಕ್ಟರ ಕೈ ದೊಡ್ಡದು ಎಂದು ಹಿರಿಯೂರಿನಿಂದ ಹೊಸದುರ್ಗದವರೆಗೆ ಹೆಸರಾಗಿತ್ತು. ಆದರೆ ಅವರ ದೊಡ್ಡತನ ಇದ್ದದ್ದು ಚಾಕು ಎತ್ತುವುದರಲ್ಲಿ ಅಲ್ಲ, ಎತ್ತದೆ ಕೂರುವುದರಲ್ಲಿ. ಇದು ನನಗೆ ಅರ್ಥವಾಗಲು ಬಹಳ ದಿನ ಹಿಡಿಯಿತು.

ಆಸ್ಪತ್ರೆ ಇದ್ದದ್ದು ಒಂದು ದಿಬ್ಬದ ಮೇಲೆ. ರಸ್ತೆಯಿಂದ ಹದಿನೆಂಟು ಮೆಟ್ಟಿಲು. ಬೆಳಗಿನ ಬಸ್ಸುಗಳು ಬರುವ ಹೊತ್ತಿಗೆ ಡಾಕ್ಟರು ಲೋಟ ಹಿಡಿದು ಜಗಲಿಯ ಮೇಲೆ ನಿಂತಿರುತ್ತಿದ್ದರು. ಗಾಳಿ ಸೇವನೆ ಎಂದುಕೊಂಡಿದ್ದೆ. ಅವರು ನೋಡುತ್ತಿದ್ದದ್ದು ಯಾರು ಎಷ್ಟನೇ ಮೆಟ್ಟಿಲಲ್ಲಿ ನಿಲ್ಲುತ್ತಾರೆ, ನಿಂತವರು ಕೈ ಎಲ್ಲಿಡುತ್ತಾರೆ, ಮಾತಾಡುತ್ತಾ ಹತ್ತುತ್ತಾರೋ ಬಾಯಿ ಬಿಟ್ಟುಕೊಂಡು ಹತ್ತುತ್ತಾರೋ ಎಂಬುದನ್ನು. ರೋಗಿ ಒಳಗೆ ಬಂದು ಕೂರುವಷ್ಟರಲ್ಲಿ ಅರ್ಧ ಪರೀಕ್ಷೆ ಮುಗಿದಿರುತ್ತಿತ್ತು. ಅವರೂ ಆ ಮೆಟ್ಟಿಲು ಹತ್ತುವಾಗ ಹನ್ನೊಂದನೆಯದರಲ್ಲಿ ನಿಂತು ಹಿಂದಕ್ಕೆ ತಿರುಗಿ ಕೋಟೆ ನೋಡುತ್ತಿದ್ದರು. "ಒಂದಿನ ಮೇಲತನಕ ಹತ್ಬೇಕು ಕಣಮ್ಮ" ಎನ್ನುತ್ತಿದ್ದರು. ದುರ್ಗದಲ್ಲೇ ಇದ್ದು ಕೋಟೆ ಹತ್ತದ ಮನುಷ್ಯ ನೀವೊಬ್ಬರೇ ಡಾಕ್ಟ್ರೇ ಎಂದು ನಾನು ರೇಗಿಸುತ್ತಿದ್ದೆ.

ಇನ್ನರ್ಧ ಪರೀಕ್ಷೆ ಬೆಂಕಿಕಡ್ಡಿಯದು. ಕಡ್ಡಿ ಗೀರಿ ರೋಗಿಯ ಬಾಯಿಯಿಂದ ಒಂದು ಗೇಣು ದೂರ ಹಿಡಿಯುವುದು. ತುಟಿ ಕೂಡಿಸಿ ಊದುವಂತಿಲ್ಲ. ಬಾಯಿ ಪೂರ್ತಿ ತೆರೆದು, ಎದೆಯಿಂದ ಉಸಿರು ಬಿಟ್ಟು ಆರಿಸಬೇಕು. ಕೇಳಲು ಮಕ್ಕಳಾಟ. ಎದೆಯಲ್ಲಿ ಕಫ ತುಂಬಿದವನಿಗೆ, ಬೀಡಿ ಬಿಡದವನಿಗೆ ಆ ಕಡ್ಡಿ ಜಪ್ಪಯ್ಯ ಎಂದರೂ ಆರುವುದಿಲ್ಲ. ಆರದಿದ್ದರೆ ಡಾಕ್ಟರು ಲೋಟ ಕೆಳಗಿಟ್ಟು ಎರಡೇ ಮಾತು ಹೇಳುತ್ತಿದ್ದರು. "ಇನ್ನೂ ಇಲ್ಲ."

ಜನ ಅದನ್ನೇ ಅವರ ಹೆಸರು ಮಾಡಿಬಿಟ್ಟರು. ಬಸ್ ಸ್ಟ್ಯಾಂಡಿನಲ್ಲಿ ಇಳಿದು "‘ಇನ್ನೂ ಇಲ್ಲ’ ಡಾಕ್ಟ್ರ ಆಸ್ಪತ್ರೆ ಎಲ್ಲೈತೆ?" ಎಂದು ಕೇಳಿದರೆ ಟಾಂಗಾದವನು ಸೀದಾ ನಮ್ಮ ಮೆಟ್ಟಿಲ ಬುಡಕ್ಕೆ ತಂದು ಬಿಡುತ್ತಿದ್ದ.

ಹೊಸದುರ್ಗದ ಒಬ್ಬ ತೆಂಗಿನ ತೋಟದ ಯಜಮಾನರು ಕಾರಿನಲ್ಲಿ ಬಂದರು. ದೊಡ್ಡ ಮೈ, ದೊಡ್ಡ ಹೊಟ್ಟೆ, ಅದರ ಮೇಲೊಂದು ಎಳನೀರಿನಷ್ಟು ಹರ್ನಿಯಾ, ಬೆರಳ ಸಂದಿಯಲ್ಲಿ ಸಿಗರೇಟಿನ ಹಳದಿ ಕಲೆ. ಕಡ್ಡಿ ಆರಲಿಲ್ಲ. ಡಾಕ್ಟರು ಸಿಗರೇಟು ಬಿಡಬೇಕು, ಮೈ ಇಳಿಸಬೇಕು, ಆರು ತಿಂಗಳು ಬಿಟ್ಟು ಬರಬೇಕು ಎಂದರು. ಯಜಮಾನರಿಗೆ ಅವಮಾನವಾಯಿತು. "ಹೊಲಿಗೆ ಹಾಕೋ ಕೈ ನಿಮ್ದು ಅಂತ ಬಂದ್ರೆ ಬುದ್ಧಿ ಹೇಳ್ತೀರಲ್ರಿ" ಎಂದರು. ಡಾಕ್ಟರು ಸಮಾಧಾನವಾಗಿಯೇ ಹೇಳಿದರು, "ನಿಮ್ ಹೊಟ್ಟೆಗೆ ಹೊಲಿಗೆ ಹಾಕ್ಬೋದು ಯಜಮಾನ್ರೇ. ನಿಮ್ ಕೆಮ್ಮಿಗೆ ಹಾಕಾಕೆ ನನ್ ಹತ್ರ ದಾರ ಇಲ್ಲ."

ಅವರು ದೂರದ ಊರಿಗೆ ಹೋಗಿ ವಾರದಲ್ಲೇ ಆಪರೇಷನ್ ಮಾಡಿಸಿಕೊಂಡರಂತೆ. ನಾಲ್ಕೈದು ತಿಂಗಳಲ್ಲಿ ಒಂದು ಕೆಮ್ಮಿಗೆ ಹೊಲಿಗೆಯೆಲ್ಲ ಹರಿದು, ಎಳನೀರಿದ್ದದ್ದು ಕುಂಬಳಕಾಯಿಯಾಗಿ ಅದೇ ಮೆಟ್ಟಿಲು ಹತ್ತಿ ಬಂದರು. ಡಾಕ್ಟರ ಜಾಗದಲ್ಲಿ ನಾನಿದ್ದಿದ್ದರೆ ನಾಲ್ಕು ಮಾತು ಆಡದೆ ಬಿಡುತ್ತಿರಲಿಲ್ಲ. ಅವರು "ಬರ್ರಿ, ಕುಂತ್ಕಳ್ರಿ" ಎಂದು ಕುರ್ಚಿ ಎಳೆದುಕೊಟ್ಟು, ಹಿಂದೆ ಹೇಳಿದ್ದನ್ನೇ ಮೊದಲ ಸಲ ಹೇಳುತ್ತಿರುವಂತೆ ಮತ್ತೆ ಹೇಳಿದರು. ಎರಡನೆಯ ಸಲ ಯಜಮಾನರು ತಲೆ ಬಗ್ಗಿಸಿ ಕೇಳಿಸಿಕೊಂಡರು.

ಕೆಲವರಿಗೆ ಎಂದೂ ಆಪರೇಷನ್ ಆಗುವುದಿಲ್ಲ ಎಂದು ನಮಗೆ ಮೊದಲ ದಿನವೇ ಗೊತ್ತಿರುತ್ತಿತ್ತು. ಅಂಥವರಿಗೂ ‘ಇನ್ನೂ ಇಲ್ಲ’ ಎಂದೇ ಯಾಕೆ ಹೇಳುತ್ತೀರಿ, ‘ಇಲ್ಲ’ ಎಂದು ಹೇಳಿಬಿಡಬಾರದೇ ಎಂದು ಒಮ್ಮೆ ಕೇಳಿದೆ. "ಇಲ್ಲ ಅಂದ್ರೆ ಮತ್ತೆ ಬರಲ್ಲಮ್ಮ. ಬಂದ್ರೆ ಪಟ್ಟಿನಾದ್ರೂ ಸರಿಯಾಗಿ ಕಟ್ಟಿ ಕಳಿಸ್ಬೋದು" ಎಂದರು.

ಇಷ್ಟು ಹೇಳಿದ ಮೇಲೆ ಕರಿಯಮ್ಮನ ಸಂಗತಿಗೆ ಬರಬೇಕು. ನಾನು ನಮ್ಮ ಡಾಕ್ಟರನ್ನು ಸರಿಯಾಗಿ ಕಂಡದ್ದು ಅವಳಿಂದ. ನನ್ನನ್ನು ಕಂಡುಕೊಂಡದ್ದೂ ಅವಳಿಂದಲೇ.

ಕರಿಯಮ್ಮ ಐಮಂಗಲದ ಹತ್ತಿರದ ಒಂದು ಹಟ್ಟಿಯವಳು, ಕುರಿ ಕಾಯುವ ಮನೆತನ. ಮೂವತ್ತು ದಾಟಿರಬೇಕು. ಹೆರಿಗೆ ಕಷ್ಟವಾಗಿ ಒಮ್ಮೆ, ಆ ಹೊಲಿಗೆ ಬಿಟ್ಟುಕೊಂಡಿತೆಂದು ಇನ್ನೊಮ್ಮೆ ಹೊಟ್ಟೆ ಕೊಯ್ಸಿಕೊಂಡಿದ್ದಳು. ಎರಡನೆಯ ಹೊಲಿಗೆಯೂ ಹರಿದು ಕರುಳಿನ ಅರ್ಧಕ್ಕಿಂತ ಹೆಚ್ಚು ಹೊರಗೇ ವಾಸವಾಗಿತ್ತು. ಕಂಬಳಿಯ ಪಟ್ಟಿಯಲ್ಲಿ ಬಿಗಿದುಕೊಂಡಿದ್ದಳು. ಪಟ್ಟಿ ಉಜ್ಜಿ ಚರ್ಮ ಹುಣ್ಣಾಗಿತ್ತು, ಒಲೆಯ ಹೊಗೆಗೆ ಕೆಮ್ಮು ಹತ್ತಿತ್ತು. ಅವಳ ಮನೆಯವರೆಲ್ಲ ಬೇಸಿಗೆಗೆ ಮಂದೆ ಹೊಡೆದುಕೊಂಡು ನೀರಾವರಿಯ ಕಡೆಗೆ ನಾಲ್ಕು ತಿಂಗಳು ನಡೆದುಹೋಗುವವರು. ಹೊಲದಿಂದ ಹೊಲಕ್ಕೆ ಮಂದೆ ನಿಲ್ಲಿಸುತ್ತಾ ಹೋಗುವುದೇ ಅವರ ಬದುಕು. ಇವಳು ಮೂರು ವರ್ಷದಿಂದ ಹಟ್ಟಿಯಲ್ಲೇ ಉಳಿದಿದ್ದಳು.

"ನಡೆಯಾಕಾಗದ ಮರಿಗಳ್ನ ನನ್ ಹತ್ರ ಬಿಟ್ಟು ಹೋಗ್ತಾರೆ ಸ್ವಾಮಿ" ಎಂದಳು. "ಅವು ಬಲಿತ ಮ್ಯಾಲೆ ಬಂದು ಹೊಡ್ಕಂಡು ಹೋಗ್ತಾರೆ. ನನ್ನ ಮಾತ್ರ ಹೊಡ್ಕಂಡು ಹೋಗಲ್ಲ. ಒಂದು ಸಲ ಮಂದೆ ಜತೆ ನಡೆದ್ರೆ ಸಾಕು ನಂಗೆ."

ಕಡ್ಡಿಯ ಜ್ವಾಲೆ ಅವಳ ಉಸಿರಿಗೆ ಅಲ್ಲಾಡಲೂ ಇಲ್ಲ. ಡಾಕ್ಟರು ಬೆಚ್ಚನೆ ಅಂಗೈಯನ್ನು ಅವಳ ಹೊಟ್ಟೆಯ ಮೇಲಿಟ್ಟು, ಕಣ್ಣು ಮುಚ್ಚಿ, ಗೋಡೆಯಾಚೆಯ ಮಾತು ಕೇಳುವವರ ಹಾಗೆ ತಲೆ ವಾಲಿಸಿ ಬಹಳ ಹೊತ್ತು ನಿಂತರು. ಆಮೇಲೆ ಅವಳಿಗೆ ತಿಳಿಯುವ ಹಾಗೆ ಹೇಳಿದರು. "ನೋಡವ್ವ, ಸಂಸಾರ ಎಲ್ಲ ಜಗಲಿಗೆ ಬಂದು ಕುಂತೈತೆ. ಖಾಲಿ ಬಿದ್ದ ಒಳಮನೆ ಕುಗ್ಗೈತೆ. ಈಗ್ಲೇ ಎಲ್ಲರ್ನೂ ಒಳಕ್ಕೆ ನೂಕಿ ಬಾಗ್ಲು ಹಾಕಿದ್ರೆ ಉಸಿರಾಡಾಕೆ ಜಾಗ ಇರಲ್ಲ, ಸತ್ತೋಗ್ತಿ. ಹುಣ್ಣು ಮಾಯ್ಬೇಕು, ಕೆಮ್ಮು ಹೋಗ್ಬೇಕು, ಎದೆ ಗಟ್ಟಿಯಾಗ್ಬೇಕು." ಅಂಗಾತ ಮಲಗಿ, ಕರುಳನ್ನು ಮೆಲ್ಲಗೆ ಒಳಗೆ ಒತ್ತಿ ಪಟ್ಟಿ ಕಟ್ಟಿ, ಹೊಟ್ಟೆಯ ಮೇಲೆ ಎರಡು ಸೇರು ಮರಳಿನ ಚೀಲ ಇಟ್ಟುಕೊಂಡು ದಿನಕ್ಕೆ ಎರಡು ಹೊತ್ತು ಆಳವಾಗಿ ಉಸಿರೆಳೆಯಬೇಕು ಎಂದು ಮಾಡಿ ತೋರಿಸಿದರು. ವಾರವಾರಕ್ಕೂ ಒಂದು ಹಿಡಿ ಮರಳು ಹೆಚ್ಚಿಸಬೇಕು. ಮೂರು ತಿಂಗಳು ಬಿಟ್ಟು ಬಾ.

ಮೂರು ತಿಂಗಳು ಬಿಟ್ಟು ಬಂದಳು. ಹುಣ್ಣು ಮಾಯ್ದಿತ್ತು. ಮರಳಿನ ಚೀಲ ಇಟ್ಟುಕೊಂಡೆಯಾ ಎಂದು ಡಾಕ್ಟರು ಕೇಳಿದರು.

"ನಮ್ ಕಡೆ ಎಲ್ಲ ಗರಸು ನೆಲ, ಮರಳೆಲ್ಲಿ ತರಾನ ಸ್ವಾಮಿ. ಮರಿ ಇಟ್ಕಂಡೆ."

"ಎಂಥ ಮರಿ?"

"ಕುರಿಮರಿ. ಹುಟ್ಟಿ ಮೂರು ದಿನ ಆಗಿತ್ತು, ಎರಡು ಸೇರು ಇರ್ತೈತೆ ಅಂತ ಕೈಯಾಗೆ ತೂಗಿ ನೋಡ್ದೆ. ಹೊಟ್ಟೆ ಮ್ಯಾಲೆ ಬೆಚ್ಚಗೆ ಮಲಿಕ್ಕಂತಿತ್ತು. ಈಗ ಅದು ಬಲ್ತೈತೆ, ಹಿಡ್ಕಳಾಕೆ ಇನ್ನೊಬ್ರು ಬೇಕು. ಅದ್ಕೇ ಮರಿ ಬದಲಾಯಿಸ್ಲಾ ಅಂತ ಕೇಳಾಕ್ ಬಂದೆ."

ಡಾಕ್ಟರು ಎಡಗೈ ಹೊಟ್ಟೆಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ಕೇಳಿದ್ಯಾ ಸಿಸ್ಟರ್. ನಾನು ತೂಕ ಏರಿಸು ಅಂದೆ. ಈಕೆ ತಾನಾಗೇ ಏರೋ ತೂಕಾನೇ ಇಟ್ಕಂಡವಳೆ." ಅಂದು ಜ್ವಾಲೆ ಬಾಗಿತು. ಆದರೆ ಆರಲಿಲ್ಲ. ಇನ್ನೂ ಇಲ್ಲ ಎಂದರು. ಕರಿಯಮ್ಮ ಅಳಲಿಲ್ಲ. ಇನ್ನೊಂದು ಮರಿ ನೋಡ್ತೀನಿ ಎಂದು ಹೇಳಿ ಮೆಟ್ಟಿಲಿಳಿದಳು. ಅಳು ಬಂದದ್ದು ನನಗೆ. ನಿಮಗೆ ಕರುಳೇ ಇಲ್ಲ ಎಂದು ಡಾಕ್ಟರಿಗೆ ಹೇಳಿಯೂ ಬಿಟ್ಟೆ.

ಮೂರನೆಯ ಸಲ ಬಂದಾಗ ಕಡ್ಡಿ ಆರಿತು. ಒಂದಲ್ಲ, ಮೂರು ಕಡ್ಡಿ ಗೀರಿದೆವು, ಮೂರೂ ಆರಿದವು. ಆಗ ಡಾಕ್ಟರು ಹಳೆಯ ಸಾಮಾನಿನ ಕೋಣೆಯಿಂದ ಒಂದು ಮರದ ಪೆಟ್ಟಿಗೆ ತೆಗೆಸಿದರು. ಎರಡು ಗಾಜಿನ ಬಾಟಲಿ, ರಬ್ಬರ್ ನಳಿಗೆ, ಒಂದು ಸೂಜಿ. ಔಷಧಿಗಳು ಬರುವುದಕ್ಕೆ ಮುಂಚೆ ಕ್ಷಯದವರ ಎದೆಗೂಡಿಗೆ ಗಾಳಿ ಹಾಕುತ್ತಿದ್ದ ಪೆಟ್ಟಿಗೆ ಅದು. ಅದರಿಂದ ಎರಡು ದಿನಕ್ಕೊಮ್ಮೆ ಕರಿಯಮ್ಮನ ಹೊಟ್ಟೆಯೊಳಕ್ಕೆ ಸ್ವಲ್ಪ ಸ್ವಲ್ಪವೇ ಗಾಳಿ ಬಿಟ್ಟು, ಕುಗ್ಗಿದ ಒಳಮನೆಯನ್ನು ಹಿಗ್ಗಿಸುತ್ತಾ ಬಂದರು. ಅವಳಿಗೆ ಭುಜದಲ್ಲಿ ನೋವು ಬರುತ್ತಿತ್ತು. ನೋವು ಬಂದ ಕೂಡಲೇ ನಿಲ್ಲಿಸುತ್ತಿದ್ದರು. ಸೈಕಲ್ ಟ್ಯೂಬಿಗೆ ಹೊಡೆದಂತೆ ಹೆಂಗಸಿಗೆ ಗಾಳಿ ಹೊಡೆಯುತ್ತಾರೆ ಎಂಬ ಸುದ್ದಿ ಹಟ್ಟಿಗೆ ಮುಟ್ಟಿ ಅವಳ ಅತ್ತೆ ಓಡಿಬಂದಳು. ಸೊಸೆಯ ಹೊಟ್ಟೆಯ ಮೇಲೆ ಬೆರಳಿನಿಂದ ತಟ್ಟಿ ನೋಡಿದಳು. "ಉರುಮೆ ಬಾರಿಸ್ದಂಗೆ ಸದ್ದು ಬರ್ತೈತಲ್ಲೇ. ಎದ್ದೇಳು, ಹೋಗಾಣ" ಎಂದಳು. ಕರಿಯಮ್ಮ ಮಲಗಿದಲ್ಲಿಂದಲೇ, "ನೀ ಹೋಗು ಅತ್ತೆ. ನಾ ನಡ್ಕಂಡೇ ಬರ್ತೀನಿ" ಎಂದಳು.

ಆ ದಿನಗಳಲ್ಲೇ ಡಾಕ್ಟರು ಸಂತೆಯಲ್ಲಿ ಹರಿದ ಕಂಬಳಿ ರಿಪೇರಿ ಮಾಡುವ ಒಬ್ಬ ಮುದುಕನನ್ನು ಕರೆಸಿದ್ದರು. ಕಂಬಳಿಯಲ್ಲಿ ತೂತು ಬಿದ್ದರೆ ಅವನು ಅಂಚಿಗೆ ಅಂಚು ಎಳೆದು ಹೊಲಿಯುತ್ತಿರಲಿಲ್ಲ. ಗಟ್ಟಿ ನೇಯ್ಗೆ ಇರುವಲ್ಲಿ ದೂರಕ್ಕೆ ಸೂಜಿ ಹಾಕಿ, ತೂತಿನ ಮೇಲೆ ಅಡ್ಡಡ್ಡ ನೂಲು ಓಡಿಸಿ, ಜಾಳಿಗೆ ನೇಯುತ್ತಿದ್ದ. "ಎಳೆದು ಹೊಲಿದ್ರೆ ಪಕ್ಕದಾಗೆ ಹರೀತೈತೆ ಸ್ವಾಮಿ. ತೂತು ತೂತಿನಂಗೇ ಇರ್ಲಿ, ಮ್ಯಾಲೆ ನೂಲು ಹಾಸ್ಬೇಕು" ಎಂದ. ಡಾಕ್ಟರು ಓದಿದ ಪುಸ್ತಕದಲ್ಲೂ ಇದೇ ಇತ್ತಂತೆ. ಆದರೂ ಒಂದು ಮಧ್ಯಾಹ್ನವೆಲ್ಲ ನೆಲದ ಮೇಲೆ ಅವನ ಪಕ್ಕ ಕೂತು ಕಂಬಳಿ ಹೊಲಿದರು. ದಾರಕ್ಕೆ ಮಾರಿಕಣಿವೆ ಜಲಾಶಯದ ಮೀನುಗಾರರಿಂದ ನೈಲಾನ್ ಎಳೆ ತರಿಸಿ, ತೊಳೆದು, ಕುದಿಸಿ, ಎಳೆದೆಳೆದು ನೋಡಿ ಇಟ್ಟುಕೊಂಡರು.

ಆಪರೇಷನ್ ದಿನ. ಬೆಳಗ್ಗೆ ಎಂಟಕ್ಕೆ ಶುರುವಾಯಿತು. ಎದುರುಗಡೆ ಕೈ ಕೊಡಲು ಒಬ್ಬ ಚಿಕ್ಕ ಡಾಕ್ಟರು, ಆಗ ತಾನೇ ಓದು ಮುಗಿಸಿ ಬಂದವರು. ತಲೆಯ ಹತ್ತಿರ ಚೀಲ ಹಿಡಿದು ನಾನು. ಡಾಕ್ಟರು ಅಂಟಿಕೊಂಡ ಕರುಳನ್ನು ಒಂದೊಂದೇ ಎಳೆಯಾಗಿ ಬಿಡಿಸಿದ ರೀತಿಯನ್ನು ಹೇಗೆ ಬರೆಯಲಿ. ಸಿಕ್ಕುಗಟ್ಟಿದ ಮಗುವಿನ ತಲೆಗೂದಲನ್ನು ನೋಯಿಸದೆ ಬಿಡಿಸುವ ತಾಯಿಯನ್ನು ನೋಡಿದವರಿಗೆ ಗೊತ್ತಾಗುತ್ತದೆ. ಎರಡು ಗಂಟೆ ಅದೇ ಕೆಲಸ. ಒಂದು ತೊಟ್ಟು ಅವಸರವಿಲ್ಲ. ಆಮೇಲೆ ಕರುಳನ್ನೆಲ್ಲ ಒಳಗಿಟ್ಟರು, ಹಿಗ್ಗಿಸಿದ ಮನೆಯಲ್ಲಿ ಜಾಗವಿತ್ತು. ಹರಿದ ಜಾಗದ ಎರಡೂ ಅಂಚು ಹತ್ತಿರ ತಂದರು, ಕೂಡಿದವು. ಯಾರೂ ಕೂಡುತ್ತವೆ ಎಂದುಕೊಂಡಿರಲಿಲ್ಲ. ಕೂಡಿದ್ದು ಕಂಡು ಡಾಕ್ಟರು ಮನಸ್ಸು ಬದಲಾಯಿಸಿದರು, ಜಾಳಿಗೆಯ ಯೋಚನೆ ಬಿಟ್ಟು ಅಂಚಿಗೆ ಅಂಚು ಹೊಲಿಯುತ್ತಾ ಬಂದರು. ಕೊನೆಯ ಗಂಟು ಬಿದ್ದಾಗ ಆ ಹೊಟ್ಟೆಯ ನಡುವೆ ಒಂದು ನೇರ ಗೆರೆ ಬಿಟ್ಟರೆ ಏನೂ ಇರಲಿಲ್ಲ. ಚಿಕ್ಕ ಡಾಕ್ಟರು ಉಸಿರು ಬಿಟ್ಟು, "ಸರ್, ಇಂಥದ್ದು ನಾನು ನೋಡಿರಲಿಲ್ಲ" ಎಂದರು.

ನನ್ನ ಕೈಯಲ್ಲಿ ಚೀಲ ಬಿಗಿಯಾಗಿತ್ತು.

ಅರ್ಧ ಗಂಟೆಯಿಂದ ಅದು ಗಂಟು ಗಂಟಿಗೂ ಗಟ್ಟಿಯಾಗುತ್ತಾ ಬಂದಿತ್ತು. ಒಂದು ಕೈಯಲ್ಲಿ ಅದುಮುತ್ತಿದ್ದವಳು ಎರಡು ಕೈ ಹಾಕಿದ್ದೆ. ಹೊಟ್ಟೆ ಬಿಗಿದು ಎದೆಗೆ ಉಸಿರಾಡಲು ಜಾಗ ಸಾಲುತ್ತಿಲ್ಲ ಎಂದು ಅದರ ಅರ್ಥ, ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹೇಳಲಿಲ್ಲ. ಅಷ್ಟು ಚೆಂದದ ಹೊಲಿಗೆ, ಒಂದು ವರ್ಷದ ಕಾಯುವಿಕೆ, ಮರಿ ಹೊಟ್ಟೆಯ ಮೇಲೆ ಇಟ್ಟುಕೊಂಡು ಮಲಗಿದ ಹೆಂಗಸು. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಡಾಕ್ಟರ ಕೈ ತಪ್ಪುವುದಿಲ್ಲ, ಹಾಗಾದರೆ ತಪ್ಪಿರುವುದು ನನ್ನ ಕೈಯೇ ಇರಬೇಕು ಎಂದುಕೊಂಡೆ. ಭಕ್ತಿ ಎನ್ನುವುದು ಎಂಥ ಕೆಲಸ ಮಾಡಿಸುತ್ತದೆ ಎಂದು ಅಂದು ಗೊತ್ತಾಯಿತು.

"ಏನಮ್ಮ, ಚೀಲ ಏನ್ ಹೇಳ್ತೈತೆ?" ಎಂದು ಡಾಕ್ಟರು ಕೇಳಿದರು.

"ಸರಿಯಾಗೈತೆ ಡಾಕ್ಟ್ರೇ" ಎಂದೆ.

ಅವರು ಅಂಗೈಯನ್ನು ಹೊಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದರು. ಹತ್ತು ಉಸಿರಿನಷ್ಟು ಹೊತ್ತು. ಆಮೇಲೆ ಕಣ್ಣು ತೆರೆದು ನೋಡಿದ್ದು ನನ್ನ ಮುಖವನ್ನಲ್ಲ, ಬೆಳ್ಳಗಾಗಿದ್ದ ನನ್ನ ಬೆರಳ ಗೆಣ್ಣುಗಳನ್ನು. ಮೇಜನ್ನು ಸುತ್ತಿಕೊಂಡು ನನ್ನ ಪಕ್ಕಕ್ಕೆ ಬಂದರು, ಗ್ಲೌಸು ಕಳಚಿದರು, ಚೀಲ ತೆಗೆದುಕೊಂಡು ಎರಡು ಸಲ ಅದುಮಿದರು. ವಾಪಸು ಕೊಟ್ಟು, ಮತ್ತೆ ಕೈ ತೊಳೆಯಲು ಹೋಗುತ್ತಾ ಹೇಳಿದರು. "ಬಿಚ್ಚಾಣ."

ಚಿಕ್ಕ ಡಾಕ್ಟರು ನಂಬಲಿಲ್ಲ. "ಇಷ್ಟು ಚೆನ್ನಾಗಿ ಕೂಡಿದೆಯಲ್ಲ ಸರ್" ಎಂದರು. "ಕೂಡೈತಪ್ಪ. ನೋಡಾಕೆ ಚೆನ್ನಾಗೈತೆ. ಆಕೆ ನೋಡಾಕಲ್ಲ ಬಂದಿರಾದು, ನಡಿಯಾಕೆ" ಎಂದು, ತಾವೇ ಹಾಕಿದ ಗಂಟುಗಳನ್ನು ಒಂದೊಂದಾಗಿ ಕತ್ತರಿಸಿದರು. ಕತ್ತರಿಯ ಆ ಸಣ್ಣ ಶಬ್ದ ನನಗೆ ಈಗಲೂ ಕೇಳುತ್ತದೆ. ಅರ್ಧದಷ್ಟು ಗಂಟು ಹೋಗುವಷ್ಟರಲ್ಲಿ ಚೀಲ ನನ್ನ ಕೈಯಲ್ಲಿ ಮೆತ್ತಗಾಯಿತು. ಆಮೇಲೆ ಅವರು ಎರಡೂ ಪಕ್ಕದ ಗಟ್ಟಿ ಪೊರೆಯನ್ನು ಉದ್ದಕ್ಕೆ ಕೊಯ್ದು ಸಡಿಲ ಬಿಟ್ಟರು. ತಾನಾಗಿ ಬಂದಷ್ಟು ಅಂಚನ್ನು ಕೂಡಿಸಿದರು. ಉಳಿದ ಬಿಡುವಿನಲ್ಲಿ ಕರುಳಿನ ಮೇಲೆ, ಹೊರಗಿದ್ದಾಗ ಅದನ್ನು ಸುತ್ತಿಕೊಂಡಿದ್ದ ಹಳೆಯ ಪೊರೆಯನ್ನೇ ಹಾಸಿ, ಅದರ ಮೇಲೆ ನೈಲಾನ್ ಎಳೆಯಿಂದ, ಕಂಬಳಿಯ ಮುದುಕ ಕಲಿಸಿದ ಹಾಗೆ, ದೂರ ದೂರ ಸೂಜಿ ಹಾಕಿ ಅಡ್ಡಡ್ಡ ಜಾಳಿಗೆ ನೇಯ್ದರು. ಪ್ರತಿ ಸಾಲಿಗೂ ನನ್ನ ಕಡೆ ನೋಡುತ್ತಿದ್ದರು. ನಾನು ಪ್ರತಿ ಸಾಲಿಗೂ ನಿಜ ಹೇಳಿದೆ.

ಮುಗಿದ ಮೇಲೆ ನಾನು ಕೈತೊಳೆಯುವ ತೊಟ್ಟಿಯ ಹತ್ತಿರ ನಿಂತು ಅತ್ತೆ. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. "ನಂಗೂ ಬಿಚ್ಚಾಕೆ ಮನಸ್ಸಿರ್ಲಿಲ್ಲ ಕಣಮ್ಮ. ಅದ್ಕೇ ನಿನ್ನ ಕೇಳಿದ್ದು" ಎಂದರು, ಅಷ್ಟೇ. ಮಾರನೆಯ ದಿನದಿಂದ ಕೊನೆಯ ಗಂಟು ಹಾಕುವ ಮುಂಚೆ ದಾರ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ನಾನು ಬಾಯಿ ಬಿಟ್ಟು ಹೇಳುವವರೆಗೂ ಗಂಟು ಬೀಳುತ್ತಿರಲಿಲ್ಲ. ನನ್ನನ್ನು ನಂಬದೆ ಹಾಗೆ ಮಾಡುತ್ತಿದ್ದಾರೆ ಎಂದು ಮೊದಮೊದಲು ಕುಗ್ಗಿದೆ. ನಂಬಿಯೇ ಮಾಡುತ್ತಿದ್ದರು.

ಕರಿಯಮ್ಮ ಬದುಕಿದಳು. ನಾಲ್ಕು ತಿಂಗಳ ಮೇಲೆ ಬಂದು ಹದಿನೆಂಟೂ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದಳು. ಡಾಕ್ಟರು ಕೈ ಬೆಚ್ಚಗೆ ಮಾಡಿಕೊಂಡು ಹೊಟ್ಟೆಯ ಮೇಲಿಟ್ಟು "ಕೆಮ್ಮವ್ವ" ಎಂದರು. ಕೆಮ್ಮಿದಳು. "ಇನ್ನೊಂದ್ಸಲ." ಕೆಮ್ಮಿದಳು. ಹೊಟ್ಟೆ ಅಲುಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ನಾನು ಹಿರಿಯೂರಿಗೆ ಹೋಗುತ್ತಿದ್ದ ಬಸ್ಸು ಐಮಂಗಲದ ಹತ್ತಿರ ಕುರಿ ಮಂದೆ ಅಡ್ಡ ಬಂದು ನಿಂತಿತು. ಹೆಗಲ ಮೇಲೊಂದು ಮರಿ ಹೊತ್ತು ಮಂದೆಯ ಮುಂದೆ ನಡೆಯುತ್ತಿದ್ದವಳು ಕರಿಯಮ್ಮ. ಕಿಟಕಿಯಲ್ಲಿ ನನ್ನ ಮುಖ ಕಂಡಳು. ಕೈ ಮುಗಿಯಲು ಕೈ ಬಿಡುವಿರಲಿಲ್ಲ, ನನ್ನ ಕಡೆ ನೋಡಿ ಬೇಕೆಂದೇ ಜೋರಾಗಿ ಎರಡು ಸಲ ಕೆಮ್ಮಿ ನಕ್ಕಳು. ಬಸ್ಸಿನವರು ಇದೇನು ಎಂದು ನನ್ನನ್ನು ನೋಡಿದರು.

ಡಾಕ್ಟರು ಆ ದಶಕ ಮುಗಿಯುವ ಹೊತ್ತಿಗೆ ಕೆಲಸ ಬಿಟ್ಟು ಮನೆಯಲ್ಲಿದ್ದರು. ಒಂದು ಬೆಳಗ್ಗೆ ಹೇಳಿ ಕಳಿಸಿದರು. ಹೋದಾಗ ಚಿಕ್ಕ ಡಾಕ್ಟರೂ ಅಲ್ಲಿದ್ದರು. ಈಗ ಅವರೇ ನಮ್ಮ ಆಸ್ಪತ್ರೆಯ ಸರ್ಜನ್, ಗುರುವಿನ ಕೈ ಅವರಿಗೂ ಬಂದಿತ್ತು. ಡಾಕ್ಟರು ಜುಬ್ಬ ಎತ್ತಿದರು. ಒಳಗೆ ಅಗಲವಾದ ಕಂಬಳಿಯ ಪಟ್ಟಿ. ಅದನ್ನು ಬಿಚ್ಚಿದರು. ಓದುವ ಕಾಲದಲ್ಲಿ ಕರುಳಿನ ಕಾಯಿಲೆಗೆ ಯಾರೋ ಅವಸರದಲ್ಲಿ ಕೊಯ್ದಿದ್ದ ಗಾಯ ಬಿಟ್ಟುಕೊಂಡು, ಹೊಟ್ಟೆಯ ಬಲಗಡೆಯೆಲ್ಲ ಹೊರಗೆ ಬಂದು ಕೂತಿತ್ತು. ಅಷ್ಟು ವರ್ಷ ಅವರು ಅದನ್ನು ಕಟ್ಟಿಕೊಂಡೇ ನಿಂತು ಬೇರೆಯವರ ಹೊಟ್ಟೆ ಹೊಲಿದಿದ್ದರು. ನಗುವಾಗ ಒತ್ತಿ ಹಿಡಿಯುತ್ತಿದ್ದ ಕೈ, ಹನ್ನೊಂದನೆಯ ಮೆಟ್ಟಿಲಿನಲ್ಲಿ ನಿಂತು ನೋಡುತ್ತಿದ್ದ ಕೋಟೆ, ಎಲ್ಲ ನನಗೆ ಒಟ್ಟಿಗೇ ಅರ್ಥವಾಯಿತು.

"ಉಬ್ಬಸದ ಎದೆ ನಂದು, ಚಿಕ್ಕಂದಿನಿಂದ" ಎಂದರು. "ಅದ್ಕೇ ಸುಮ್ನಿದ್ದೆ. ಇವ್ನು ಮಾಡ್ತೀನಿ ಅಂತಾನೆ. ನಂಗೂ ಮಾಡಿಸ್ಕಳಾಣ ಅನ್ಸೈತೆ. ಒಂದ್ಸಲ ಕೋಟೆ ಹತ್ಬೇಕು ಕಣಮ್ಮ." ಎಂದೂ ಯಾರಲ್ಲೂ ಏನನ್ನೂ ಕೇಳದವರು. ಆ ಮಾತು ಹೇಳುವಾಗ ಅವರ ದನಿಯಲ್ಲಿ ಮೆಟ್ಟಿಲ ಬುಡದಲ್ಲಿ ನಿಂತವರ ಆಸೆ ಇತ್ತು. ಅಡುಗೆಮನೆಯಿಂದ ಕಾಫಿ ಬಂತು. ಲೋಟವನ್ನು ಅವರು ಅಂಗೈಗಳ ನಡುವೆ ಇಟ್ಟುಕೊಂಡರು. "ಇವ್ನ ಕೇಳಿದ್ರೆ ಹೂಂ ಅಂತಾನೆ, ನನ್ ಮೇಲೆ ಭಕ್ತಿ. ಕಡ್ಡಿ ನೀ ಗೀರು. ಗೇಣು ಸರಿಯಾಗಿ ಅಳೆದು ಹಿಡಿ."

ನಾನು ಕಡ್ಡಿ ಗೀರಿದೆ. ಎರಡು ಬೆರಳಿನಷ್ಟು ಹತ್ತಿರ ಹಿಡಿದಿದ್ದರೆ ಆರುತ್ತಿತ್ತು, ಅದು ನನಗೆ ಗೊತ್ತಿತ್ತು. ಅವರು ಕಣ್ಣು ಮುಚ್ಚಿದ್ದರು, ಯಾರಿಗೂ ತಿಳಿಯುತ್ತಿರಲಿಲ್ಲ. ಎಡಗೈ ಬೆರಳು ಅಗಲಿಸಿ ಅವರ ತುಟಿಯಿಂದ ಗೇಣು ಅಳೆದೆ. ಅಳೆದಲ್ಲೇ ಹಿಡಿದೆ. ಡಾಕ್ಟರು ಬಾಯಿ ತೆರೆದು ಉಸಿರು ಬಿಟ್ಟರು. ಜ್ವಾಲೆ ಬಾಗಿತು, ನಿಂತಿತು. ಇನ್ನೊಮ್ಮೆ ಬಿಟ್ಟರು. ಬಾಗಿತು, ನಿಂತಿತು. ಕಡ್ಡಿ ನನ್ನ ಬೆರಳವರೆಗೂ ಉರಿದು ಬೆರಳು ಸುಟ್ಟಿತು.

"ಇನ್ನೂ ಇಲ್ಲ ಡಾಕ್ಟ್ರೇ" ಎಂದೆ.

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಆ ಮಾತನ್ನು ಎಂದೂ ಆಪರೇಷನ್ ಆಗದವರಿಗೂ ಹೇಳುತ್ತಿದ್ದವರು ಅವರು. ನಾನು ಯಾವ ಅರ್ಥದಲ್ಲಿ ಹೇಳಿದೆ ಎಂದು ಅವರಿಗೆ ತಿಳಿಯದೆ ಇರುತ್ತದೆಯೇ. ಚಿಕ್ಕ ಡಾಕ್ಟರು ಮುಖ ತಿರುಗಿಸಿಕೊಂಡರು. ಡಾಕ್ಟರು ನನ್ನ ಸುಟ್ಟ ಬೆರಳನ್ನು ತಮ್ಮ ಬೆಚ್ಚನೆ ಅಂಗೈಯಲ್ಲಿ ಹಿಡಿದುಕೊಂಡು, "ಸರಿಯಾಗಿ ಅಳೆದೆ" ಎಂದರು. ನಾನು ಅವರ ಪಟ್ಟಿಯನ್ನು ಮತ್ತೆ ಕಟ್ಟಿದೆ. ಗಟ್ಟಿಯಾಗಿ, ಉಜ್ಜದ ಹಾಗೆ, ಅವರೇ ಕಲಿಸಿದ್ದಂತೆ.

ಮುಂದೆ ಒಂದೂವರೆ ವರ್ಷ ಇದ್ದರು, ಉಬ್ಬಸದಲ್ಲೇ ಹೋದರು. ಕೋಟೆ ಹತ್ತಲಿಲ್ಲ. ಅಂದು ಪಟ್ಟಿ ಕಟ್ಟಿ ಮುಗಿಸುವಷ್ಟರಲ್ಲಿ ಲೋಟದಿಂದ ಇನ್ನೂ ಹಬೆ ಏಳುತ್ತಿತ್ತು. ಮುಟ್ಟಬೇಕಾದ ಹೊಟ್ಟೆ ಇನ್ನು ಯಾವುದೂ ಉಳಿದಿರಲಿಲ್ಲ. ಡಾಕ್ಟರು ಲೋಟ ಎತ್ತಿ, ಬಿಸಿಬಿಸಿಯಾಗಿ, ಗುಟುಕು ಗುಟುಕಾಗಿ ಕಾಫಿ ಕುಡಿದರು.